ನೈಟ್ ಡ್ಯೂಟಿ ಚಾರ್ಜ್: 28 ಪೇಶಂಟ್, ಇಬ್ಬರು ಸಿಸ್ಟರ್. ಮೊದಲು ಯಾವ ಬೆಡ್, ಯಾವ ಕೆಲಸ ಯಾರಿಗೆ?

ನೈಟ್‌ಚಾರ್ಜ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ವಾರ್ಡ್. ರಾತ್ರಿ 8ರಿಂದ ಬೆಳಿಗ್ಗೆ 8. ನಾವು ಇಬ್ಬರು ನರ್ಸಿಂಗ್ ಆಫೀಸರ್, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿನಿಯರು, ಒಬ್ಬರು ಆಯಮ್ಮ, ಒಬ್ಬ ವಾರ್ಡ್ ಬಾಯ್. ಶಿಫ್ಟ್ ಚಾರ್ಜ್ ನನ್ನದು. ಓವರ್ (ಹಿಂದಿನ ಶಿಫ್ಟಿನವರು ಪೇಶಂಟ್‌ಗಳ ವಿವರ ಒಪ್ಪಿಸೋದು) ಮುಗಿದು 8.10ಕ್ಕೆ ಪರಿಸ್ಥಿತಿ ಹೀಗಿದೆ ಅಂತ ಇಟ್ಕೊಳ್ಳಿ:

ಬೆಡ್ 4: ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), 62 ವರ್ಷ, ಆಕ್ಸಿಜನ್ ಮೇಲಿದ್ದಾರೆ, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) 97. ಸಂಜೆಯಿಂದ ಚೆನ್ನಾಗಿ ನಿದ್ದೆ, ಏನೂ ತೊಂದರೆ ಇಲ್ಲ ಅಂತ ಓವರ್.
ಬೆಡ್ 11: ಹಿಮೋಗ್ಲೋಬಿನ್ 5.8, ರಕ್ತಸ್ರಾವ ಇಲ್ಲ. ಬ್ಲಡ್ ಬ್ಯಾಂಕಿಂದ 1 ಬ್ಯಾಗ್ ಈಗಷ್ಟೇ ಬಂತು.
ಬೆಡ್ 17: 7.30ಕ್ಕೆ ಇನ್ಸುಲಿನ್ ಆಗಿದೆ, ಊಟ ಸೇರಲಿಲ್ಲ, ಬೆವರ್ತಿದ್ದಾರೆ. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡೋ ರಕ್ತದ ಸಕ್ಕರೆ) 58.
ಬೆಡ್ 22: ಡೆಂಗ್ಯೂ 5ನೇ ದಿನ, ಪ್ಲೇಟ್‌ಲೆಟ್ 24,000. ಜ್ವರ ಬಿಟ್ಟಿದೆ, ಹೊಟ್ಟೆ ನೋವು ಅಂತಾರೆ. ಬಿಪಿ 100.
ಬೆಡ್ 29: ಡ್ರಿಪ್ ಖಾಲಿ, ಕಡೆಯವರು ಕೂಗಾಡ್ತಿದ್ದಾರೆ.
ಬಾಗಿಲಲ್ಲಿ ಹೊಸ ಅಡ್ಮಿಶನ್, ವೀಲ್‌ಚೇರ್‌ನಲ್ಲಿ, ಮಾತಾಡ್ತಿದ್ದಾರೆ.

ಇದರ ಜೊತೆ 14 ಜನಕ್ಕೆ ರಾತ್ರಿಯ ಇಂಜೆಕ್ಷನ್. ನೀವಾದರೆ ಯಾವ ಕ್ರಮದಲ್ಲಿ ಹೋಗ್ತೀರಿ? ವಿದ್ಯಾರ್ಥಿಗಳಿಗೆ, ಆಯಮ್ಮನಿಗೆ ಏನು ಬಿಡಬಹುದು, ಏನು ಬಿಡಬಾರದು?

ಐಸಿಯು‌_ಹಳಬ:

ಮೊದಲು ಬೆಡ್ 4. ನಿಮ್ಮ ಪಟ್ಟಿಯಲ್ಲಿ ಅತಿ ಸುರಕ್ಷಿತವಾಗಿ ಕಾಣೋ ಆ ಪೇಶಂಟೇ ಎಲ್ಲರಿಗಿಂತ ಅಪಾಯದಲ್ಲಿದ್ದಾರೆ. ಸಿಒಪಿಡಿಯಲ್ಲಿ ನಮಗೆ ಬೇಕಾದ ಸ್ಯಾಚುರೇಶನ್ 88ರಿಂದ 92. ಅದು 97ಕ್ಕೆ ಏರಿದೆ, ಸಂಜೆಯಿಂದ ನಿದ್ದೆ ಅಂದರೆ, ಕಾರ್ಬನ್ ಡೈಆಕ್ಸೈಡ್ ಒಳಗೇ ಕಟ್ಟಿಕೊಳ್ತಾ ಇರಬಹುದು. ಬೆರಳಿನ ಪ್ರೋಬ್ ಅದನ್ನು ತೋರಿಸೋದೇ ಇಲ್ಲ, ತೋರಿಸೋದು ಆಕ್ಸಿಜನ್ ಮಾತ್ರ.

ಹೋದ ತಕ್ಷಣ ಫ್ಲೋಮೀಟರ್ ನೋಡಿ. ಗುಂಡಿನ ನಡುಭಾಗ ಯಾವ ಗೆರೆಗಿದೆ ಅನ್ನೋದೇ ಲೆಕ್ಕ. ಎಷ್ಟೋ ಸಲ 2 ಲೀಟರ್ ಅಂತ ಬರೆದಿರುತ್ತೆ, ಗುಂಡು 6ರಲ್ಲಿರುತ್ತೆ. "ಉಸಿರಾಡೋಕೆ ಕಷ್ಟ ಪಡ್ತಿದ್ರು, ಸ್ವಲ್ಪ ಜಾಸ್ತಿ ಮಾಡ್ದೆ" ಅಂತ ಮನೆಯವರೇ ತಿರುಗಿಸಿರ್ತಾರೆ. ಹೆಸರು ಹಿಡಿದು ಕರೆಯಿರಿ, ಭುಜ ತಟ್ಟಿ. ಉಸಿರನ್ನು ಪೂರ್ತಿ 60 ಸೆಕೆಂಡ್ ಎಣಿಸಿ. ಕರೆದರೆ ಮಾತ್ರ ಕಣ್ಣು ಬಿಟ್ಟು ಮತ್ತೆ ಜಾರಿದರೆ ಆಗಲೇ ಡಾಕ್ಟರಿಗೆ ಫೋನ್, ಎಬಿಜಿ (ಅಪಧಮನಿ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯೋ ಪರೀಕ್ಷೆ) ಬೇಕು ಅಂತ ನೀವೇ ಕೇಳಿ. ಫ್ಲೋ ಹಂತಹಂತವಾಗಿ ಇಳಿಸಿ 88–92ಕ್ಕೆ ತನ್ನಿ. ಆಕ್ಸಿಜನ್ ತಟ್ಟನೆ ಪೂರ್ತಿ ತೆಗೆದರೆ ಸ್ಯಾಚುರೇಶನ್ ಮೊದಲಿಗಿಂತ ಕೆಳಗೆ ಬೀಳುತ್ತೆ.

ಆದರೆ 4ಕ್ಕೆ ಕಾಲಿಡೋ ಮುಂಚೆ, ನಿಂತ ಜಾಗದಿಂದಲೇ ಎರಡು ಮಾತು ಹೇಳಿ ಹೋಗಿ.

ಒಂದು, ವಿದ್ಯಾರ್ಥಿನಿಗೆ ಬೆಡ್ 17. ಪೇಶಂಟ್ ಎದ್ದು ಕೂತು ಲೋಟ ತಾವೇ ಹಿಡಿದು ಕುಡಿಯೋ ಹಾಗಿದ್ದರೆ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ 15 ಗ್ರಾಂ, ಅಂದರೆ 3 ಚಮಚ, ಅರ್ಧ ಲೋಟ ನೀರಲ್ಲಿ. 15 ನಿಮಿಷಕ್ಕೆ ಮತ್ತೆ ಜಿಆರ್‌ಬಿಎಸ್. 70 ದಾಟದಿದ್ದರೆ ಇನ್ನೊಂದು ಸಲ ಅಷ್ಟೇ. ದಾಟಿದರೆ ಊಟ ಮಾಡಿಸಬೇಕು, ಬರೀ ಸಕ್ಕರೆ ನೀರಿಗೆ ಏರಿದ್ದು ಹೆಚ್ಚು ಹೊತ್ತು ನಿಲ್ಲಲ್ಲ. ಲೋಟ ಹಿಡಿಯೋಕೆ ಕೈ ಬರ್ತಿಲ್ಲ, ಮಾತು ತೊದಲ್ತಿದೆ ಅಂದರೆ ಬಾಯಿಗೆ ಏನೂ ಹಾಕದೆ ನಿಮ್ಮನ್ನು ಕೂಗಬೇಕು. ಆಗ 25% ಡೆಕ್ಸ್‌ಟ್ರೋಸ್ 100 ಎಂಎಲ್ ಐವಿ, ಅದು ಸಿಸ್ಟರ್ ಕೆಲಸ. ಗ್ಲಿಮೆಪಿರೈಡ್ ಥರದ ಸಕ್ಕರೆ ಕಾಯಿಲೆ ಮಾತ್ರೆಯೂ ಇದ್ದರೆ ನಡುರಾತ್ರಿ ಮತ್ತೆ ಇಳಿಯಬಹುದು, 12ಕ್ಕೂ 3ಕ್ಕೂ ಜಿಆರ್‌ಬಿಎಸ್ ಬರೆದಿಟ್ಕೊಳ್ಳಿ.

ಎರಡು, ನಿಮ್ಮ ಜೊತೆಯ ಸಿಸ್ಟರಿಗೆ ಬೆಡ್ 22. "ಬಿಪಿ 100" ಅಂತ ಬರೆದಿದ್ದೀರಿ, ಕೆಳಗಿನ ಅಂಕಿ ಎಲ್ಲಿ? 100/84 ಇದ್ದರೆ ಅಂತರ 16. ಡೆಂಗ್ಯೂನಲ್ಲಿ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಶಾಕ್ ಶುರುವಾಗಿದೆ ಅಂತಲೇ ನಡೆದುಕೊಳ್ಳಬೇಕು. ಜ್ವರ ಬಿಡೋ ಹೊತ್ತೇ ರಕ್ತನಾಳದಿಂದ ಪ್ಲಾಸ್ಮಾ ಸೋರೋ ಹೊತ್ತು, ಹೊಟ್ಟೆ ನೋವು ಎಚ್ಚರಿಕೆಯ ಲಕ್ಷಣ. ಮನೆಯವರು ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳ್ತಿರ್ತಾರೆ, ಆದರೆ ಈ ರಾತ್ರಿ ನೋಡಬೇಕಾದ್ದು ಬಿಪಿ ಅಂತರ, ಕೈಕಾಲು ತಣ್ಣಗಿದೆಯಾ, ಮೂತ್ರ ಎಷ್ಟು, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿದೆಯಾ. ಈ ಬಿಪಿಯನ್ನು ವಿದ್ಯಾರ್ಥಿಗೆ ಬಿಡಬೇಡಿ. ಕೆಳಗಿನ ಅಂಕಿ ತಪ್ಪಾಗಿ ಕೇಳಿಸಿಕೊಂಡರೆ ಇಡೀ ತೀರ್ಮಾನವೇ ತಪ್ಪುತ್ತೆ.

29ರ ಡ್ರಿಪ್‌ಗೆ ಎರಡನೇ ವಿದ್ಯಾರ್ಥಿನಿ ಹೋಗಿ ರೋಲರ್ ಕ್ಲಾಂಪ್ ಮುಚ್ಚಿ, "ಮುಂದಿನ ಬಾಟಲ್ ಸಿಸ್ಟರ್ ಬಂದು ಹಾಕ್ತಾರೆ" ಅಂತ ಹೇಳಿದರೆ ಸಾಕು. ಕೂಗಾಟ ಜೋರಾಗಿದೆ ಅಂತ ಆ ಬೆಡ್ ಮೇಲಕ್ಕೆ ಬರಬಾರದು. ಹೊಸ ಅಡ್ಮಿಶನ್‌ಗೆ ವಾರ್ಡ್ ಬಾಯ್ ಬೆಡ್ ತೋರಿಸಲಿ. ಆದರೂ ನೀವು ಹಾದು ಹೋಗುವಾಗ ಒಂದು ನೋಟ, ಒಂದು ಪ್ರಶ್ನೆ ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಅವರು ಇಪ್ಪತ್ತು ನಿಮಿಷ ಕಾಯಬಹುದು.

ರಕ್ತದ ವಿಷಯಕ್ಕೆ ಬಂದರೆ, 4 ಮತ್ತು 22 ಎರಡೂ ಹದಕ್ಕೆ ಬರೋವರೆಗೆ ಶುರು ಮಾಡಬೇಡಿ. ಮೊದಲ 15 ನಿಮಿಷ ಒಬ್ಬ ಸಿಸ್ಟರ್ ಪಕ್ಕದಲ್ಲೇ ಇರಬೇಕು, ಅಷ್ಟು ಕೈ ಈಗ ನಿಮ್ಮಲ್ಲಿಲ್ಲ.

ಬ್ಲಡ್‌ಬ್ಯಾಂಕ್_ಟೆಕ್ನಿಷಿಯನ್:

ಮೇಲಿನ ಕೊನೆಯ ಮಾತಿಗೆ ಒಂದು ಸೇರ್ಪಡೆ. ಶುರು ಮಾಡಲ್ಲ ಅಂತಾದರೆ ಬ್ಯಾಗನ್ನು ವಾರ್ಡಿನ ಔಷಧಿ ಫ್ರಿಜ್‌ನಲ್ಲಿ ಇಡಬೇಡಿ, ದಯವಿಟ್ಟು. ರಕ್ತ ಇರಬೇಕಾದ್ದು 2ರಿಂದ 6 ಡಿಗ್ರಿಯಲ್ಲಿ. ಆ ಫ್ರಿಜ್‌ನ ಹಿಂಭಾಗಕ್ಕೆ ಬ್ಯಾಗ್ ತಾಗಿದರೆ ಹೆಪ್ಪುಗಟ್ಟಿ ಕೆಂಪುಕಣ ಒಡೆಯುತ್ತೆ, ಹೊರಗಿಂದ ಬ್ಯಾಗ್ ಹಾಗೇ ಕಾಣಬಹುದು. ನಮ್ಮಿಂದ ಹೊರಟು 30 ನಿಮಿಷದ ಒಳಗೆ ಶುರುವಾಗಬೇಕು, ಇಲ್ಲ ಅಷ್ಟರೊಳಗೆ ವಾಪಸ್ ಬರಬೇಕು. 8.10ಕ್ಕೆ ಬಂದಿದ್ದರೆ 8.20ಕ್ಕೇ ತೀರ್ಮಾನ ಮಾಡಿ ವಾರ್ಡ್ ಬಾಯ್ ಕೈಲಿ ವಾಪಸ್ ಕಳಿಸಿ, ನಾವು ಇಟ್ಟುಕೊಳ್ತೀವಿ. ವಾಪಸ್ ಕಳಿಸಿದರೆ ಬೈತಾರೆ ಅಂತ ಟೇಬಲ್ ಮೇಲೆ ಒಂದು ಗಂಟೆ ಬಿಟ್ಟರೆ ಆ ರಕ್ತ ಯಾರಿಗೂ ಆಗಲ್ಲ. ರಕ್ತಸ್ರಾವ ಇಲ್ಲದ, ಹಳೆಯ ರಕ್ತಹೀನತೆ ಇರೋರಿಗೆ ಬೆಳಿಗ್ಗೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳೋದು ಸರಿಯಾದ ಪ್ರಶ್ನೆ. ಬ್ಯಾಗನ್ನು ಬಿಸಿನೀರಲ್ಲಿ ಇಡೋದೂ ಬೇಡ.

ವಾರ್ಡ್_ಇನ್‌ಚಾರ್ಜ್:

ಯಾವ ಕೆಲಸ ಯಾರಿಗೆ ಅನ್ನೋದಕ್ಕೆ ನಾನು ಬರೀತೀನಿ. ಕೆಲಸ ಕೊಡಬಹುದು, ಆದರೆ ಆ ಕೆಲಸದಿಂದ ಬಂದ ಅಂಕಿ ನೋಡಿ ಮುಂದೇನು ಅಂತ ನಿರ್ಧರಿಸೋದನ್ನು ಕೊಡೋಕಾಗಲ್ಲ. ಅದು ಚಾರ್ಜ್ ಸಿಸ್ಟರ್ ಹತ್ತಿರವೇ ಇರಬೇಕು.

ಆಯಮ್ಮ ಮತ್ತು ವಾರ್ಡ್ ಬಾಯ್: ಬೆಡ್‌ಪ್ಯಾನ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಸ್ಯಾಂಪಲ್ ಲ್ಯಾಬಿಗೆ, ಟ್ರಾಲಿ, ಯೂರೋಬ್ಯಾಗ್ (ಮೂತ್ರದ ಚೀಲ) ಖಾಲಿ ಮಾಡೋದು. ಆಕ್ಸಿಜನ್ ಫ್ಲೋ, ಡ್ರಿಪ್ ವೇಗ, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹೋಗೋ ನಳಿಕೆ) ಫೀಡ್ ಇವಕ್ಕೆ ಅವರು ಕೈ ಹಾಕಬಾರದು, ಎಷ್ಟೇ ವರ್ಷ ಅನುಭವ ಇದ್ದರೂ.

ಹೇಳೋ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತೆ. "ಯೂರಿನ್ ಸ್ವಲ್ಪ ನೋಡ್ಕೊಳಿ" ಅಂದರೆ ಬ್ಯಾಗ್ ಖಾಲಿಯಾಗುತ್ತೆ, ಅಳತೆ ಚರಂಡಿಗೆ ಹೋಗುತ್ತೆ. ಹೀಗೆ ಹೇಳಿ: "ಅಕ್ಕ, 12 ಗಂಟೆಗೆ 9, 14, 22 ಮೂರು ಬೆಡ್ದು. ಜಗ್ಗಲ್ಲಿ ಅಳೆದು, ಚೆಲ್ಲೋಕೆ ಮುಂಚೆ ನನಗೆ ಹೇಳಿ. 120ಕ್ಕಿಂತ ಕಮ್ಮಿ ಇದ್ದರೆ ಬೇರೆ ಕೆಲಸ ಬಿಟ್ಟು ಬಂದು ಕರೀರಿ." ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ 60 ಕೆಜಿಯವರಿಗೆ 30, ನಾಲ್ಕು ಗಂಟೆಗೆ 120. ಆಮೇಲೆ "ಯಾವ ಬೆಡ್ ಹೇಳ್ದೆ ಅಕ್ಕ?" ಅಂತ ವಾಪಸ್ ಹೇಳಿಸಿ. ಗದ್ದಲದಲ್ಲಿ 9 ಅಂದದ್ದು 19 ಅಂತ ಕೇಳಿಸೋದು ದಿನಾ ಆಗುತ್ತೆ.

ಓವರ್ ತಗೊಳ್ಳುವಾಗ ಆಯಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮಗ್ಗುಲು ತಿರುಗಿಸೋರು ಅವರು. "ನಿನ್ನೆ ಕೈ ಹಿಡ್ಕೊಂಡು ಹೊರಳ್ತಿದ್ರು, ಇವತ್ತು ಹೊರಳ್ತಿಲ್ಲ" ಅನ್ನೋದು ಅವರ ಬಾಯಿಂದ ಬಂದರೆ ಅದು ಚಾರ್ಟಿಗಿಂತ ಮುಂಚೆ ಸಿಕ್ಕ ಸುದ್ದಿ. ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ಏಕವಚನದಲ್ಲಿ ಹೇಳಿದರೆ ಆ ಸುದ್ದಿ ನಿಮಗೆ ಬರೋದೇ ಇಲ್ಲ.

ನೈಟ್‌ಚಾರ್ಜ್:

ತುಂಬಾ ಉಪಕಾರ ಆಯ್ತು. 4 ನನ್ನ ಲೆಕ್ಕದಲ್ಲಿ ಕೊನೆಗಿತ್ತು. ಇನ್ನು ಎರಡು ಸಂದೇಹ. ವಿದ್ಯಾರ್ಥಿಗಳು ಬರೆದ ಟಿಪಿಆರ್‌ನಲ್ಲಿ (ಜ್ವರ, ನಾಡಿ, ಉಸಿರಿನ ಪಟ್ಟಿ) ಎಲ್ಲರ ಉಸಿರೂ 20 ಇದ್ದರೆ ಅದನ್ನು ನಂಬಬಹುದಾ? ಮತ್ತೆ ರಾತ್ರಿ ಫೋನ್ ಮಾಡಿದರೆ "ಸಣ್ಣದಕ್ಕೆಲ್ಲ ಯಾಕೆ ಎಬ್ಬಿಸ್ತೀರಿ" ಅನ್ನೋ ಡಾಕ್ಟರ್ ಹತ್ತಿರ ಹೇಗೆ ಮಾತಾಡಬೇಕು?

ನರ್ಸಿಂಗ್_ಟ್ಯೂಟರ್:

28 ಜನರ ಉಸಿರೂ 20 ಅಂದರೆ ಯಾರೂ ಎಣಿಸಿಲ್ಲ. ಉಸಿರು ಕೆಡೋದು ಸಾಮಾನ್ಯವಾಗಿ ಬಿಪಿ ಬೀಳೋಕೆ ಮುಂಚೆ, ಆದ್ದರಿಂದ ಆ ಕಾಲಂ ಸುಳ್ಳಾದರೆ ಮೊದಲ ಸೂಚನೆಯೇ ಕೈ ತಪ್ಪಿದ ಹಾಗೆ. 28 ಬೆಡ್ ಹಂಚಿ ಕಳಿಸಬೇಡಿ. ಕೆಟ್ಟ ಆರು ಬೆಡ್ ನೀವು ಆರಿಸಿ, ಮೊದಲ ಬೆಡ್‌ನಲ್ಲಿ ನೀವೂ ಜೊತೆಗೆ ನಿಂತು ಎಣಿಸಿ, ಇಬ್ಬರ ಅಂಕಿ ತಾಳೆ ನೋಡಿ. ನಾಡಿ ಹಿಡಿದ ಕೈ ಬಿಡದೆ ಎದೆ ನೋಡೋದನ್ನು ಕಲಿಸಿ. ಎಣಿಸ್ತಿದ್ದಾರೆ ಅಂತ ಗೊತ್ತಾದರೆ ಪೇಶಂಟ್ ಉಸಿರಾಟ ಬದಲಾಗುತ್ತೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದ ನ್ಯೂಸ್-2 ಅಂಕಪಟ್ಟಿ (ಪೇಶಂಟ್ ಎಷ್ಟು ಕೆಟ್ಟಿದ್ದಾರೆ ಅಂತ ಅಂಕದಲ್ಲಿ ಹೇಳೋದು) ಗೋಡೆಗೆ ಅಂಟಿಸಿಕೊಳ್ಳಿ. ಉಸಿರು 25 ಅಥವಾ ಮೇಲಿದ್ದರೆ 3 ಅಂಕ, ಮೇಲಿನ ಬಿಪಿ 90 ಅಥವಾ ಕೆಳಗಿದ್ದರೆ 3, ಕರೆದರೆ ಮಾತ್ರ ಕಣ್ಣು ಬಿಟ್ಟರೆ 3. ಒಟ್ಟು 5 ಮುಟ್ಟಿದರೆ ಡಾಕ್ಟರ್ ತುರ್ತಾಗಿ ನೋಡಬೇಕು, 7 ಅಥವಾ ಮೇಲಾದರೆ ಎಮರ್ಜೆನ್ಸಿ. ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಳ್ಳೋ ಪೇಶಂಟ್‌ಗಳಿಗೆ ಸ್ಯಾಚುರೇಶನ್ ಅಳತೆ ಬೇರೆಯೇ ಇದೆ: ಆಕ್ಸಿಜನ್ ಮೇಲೆ 97 ಅಂದರೆ 3 ಅಂಕ. ಆಕ್ಸಿಜನ್ ಹಾಕಿದ್ದಕ್ಕೆ 2, ಮಂಪರಿಗೆ 3. ನಿಮ್ಮ ಬೆಡ್ 4 ಉಸಿರು ಎಣಿಸೋ ಮೊದಲೇ 8ಕ್ಕೆ ಬಂದಾಯ್ತು.

ಫೋನಿನಲ್ಲಿ "ಸರ್, 4ನೇ ಬೆಡ್ ಪೇಶಂಟ್ ಯಾಕೋ ಸರಿ ಇಲ್ಲ" ಅಂದರೆ ನಿದ್ದೆಗಣ್ಣಲ್ಲಿ ಯಾರೂ ಏಳಲ್ಲ. ಎದುರಿಗೆ ಕೇಸ್ ಶೀಟ್ ಇಟ್ಟುಕೊಂಡು ಹೀಗೆ: "ಮೆಡಿಕಲ್ ವಾರ್ಡ್, ಬೆಡ್ 4, ಸಿಒಪಿಡಿ. ಕರೆದರೆ ಮಾತ್ರ ಕಣ್ಣು ಬಿಡ್ತಾರೆ, ಮಧ್ಯಾಹ್ನ ಮಾತಾಡ್ತಿದ್ರು. ಫ್ಲೋ 6ಕ್ಕೆ ಏರಿತ್ತು, ಇಳಿಸ್ತಾ ಇದ್ದೀನಿ. ಉಸಿರು 10, ಸ್ಯಾಚುರೇಶನ್ ಈಗ 93, ಬಿಪಿ 130/80. ಸಿಒ2 ಏರಿದೆ ಅನ್ನಿಸ್ತಿದೆ. ನೀವು ಈಗ ಬಂದು ನೋಡಬೇಕು, ಎಬಿಜಿ ಸಿರಿಂಜ್ ರೆಡಿ ಇಡ್ತೀನಿ." ಅರ್ಧ ನಿಮಿಷದ ಮಾತು. ಕೊನೆಯ ವಾಕ್ಯ ಬಿಟ್ಟರೆ ಉಳಿದದ್ದೆಲ್ಲ ಬರೀ ಮಾಹಿತಿಯಾಗಿ ಉಳಿಯುತ್ತೆ. 10 ನಿಮಿಷದಲ್ಲಿ ಬರದಿದ್ದರೆ ಮತ್ತೆ ಒಂದು ಕರೆ, ಆಮೇಲೆ ಅವರ ಮೇಲಿನವರಿಗೆ. ಪ್ರತಿ ಕರೆಯ ಹೊತ್ತು, ಬಂದ ಉತ್ತರ ನರ್ಸಸ್ ನೋಟ್ಸ್‌ನಲ್ಲಿ ಇರಲಿ.

ವಿದ್ಯಾರ್ಥಿಗಳ ಕೈಗೆ ಇನ್ಸುಲಿನ್ ಒಂಟಿಯಾಗಿ ಬೇಡ. ನಮ್ಮ ವಾರ್ಡುಗಳಲ್ಲಿ 40 ಯೂನಿಟ್ ವೈಲ್ ಕೂಡ ಇರುತ್ತೆ, 100 ಯೂನಿಟ್ ವೈಲ್ ಕೂಡ ಇರುತ್ತೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ವೈಲಿಂದ ಕೆಂಪು ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗೋದು 25 ಯೂನಿಟ್. ಅದಲುಬದಲಾಗಿ 40ರ ವೈಲಿಂದ ಕಿತ್ತಳೆ ಸಿರಿಂಜ್‌ನಲ್ಲಿ 10ರ ಗೆರೆಗೆ ಎಳೆದರೆ ಬರೀ 4. ವೈಲ್, ಸಿರಿಂಜ್ ಎರಡನ್ನೂ ಒಟ್ಟಿಗೆ ನಿಮ್ಮ ಕಣ್ಣೆದುರು ಹಿಡಿಯಲಿ, ಆಮೇಲೆ ಸೂಜಿ. ಯಾರು ಕೊಟ್ಟರೋ ಅವರದ್ದೇ ಸಹಿ, ನೋಡಿದವರು ಪಕ್ಕದಲ್ಲಿ ಸಹಿ ಹಾಕಲಿ.

14 ಇಂಜೆಕ್ಷನ್‌ಗಳಲ್ಲಿ ಯಾವುದು ಕಾಯಲ್ಲ ಅಂತ 8 ಗಂಟೆಗೇ ಟ್ರೀಟ್‌ಮೆಂಟ್ ಶೀಟ್ ಮೇಲೆ ಗುರುತು ಹಾಕಿ. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡೋ ಸ್ಥಿತಿ) ಇರೋರ ಮೊದಲ ಡೋಸ್ ಆಂಟಿಬಯೋಟಿಕ್ ಮುಂದಕ್ಕೆ ಹೋಗಬಾರದು. ಮೂರನೇ ದಿನದ, 12 ಗಂಟೆಗೊಮ್ಮೆಯ ಸೆಫ್ಟ್ರಿಯಾಕ್ಸೋನ್ ಆಂಟಿಬಯೋಟಿಕ್ 8ರ ಬದಲು 8.45ಕ್ಕೆ ಹೋದರೆ ನಡೆಯುತ್ತೆ, ಹೊಟ್ಟೆಯ ಆಸಿಡ್ ತಗ್ಗಿಸೋ ಪ್ಯಾಂಟೊಪ್ರಜೋಲ್ ಕೂಡ. ಕೊಟ್ಟ ಹೊತ್ತನ್ನೇ ಬರೆಯಿರಿ, 8 ಅಂತ ಬರೆಯಬೇಡಿ. ಮುಂದಿನ ಡೋಸ್ ಲೆಕ್ಕ ಹಾಕೋ ಡೇ ಡ್ಯೂಟಿಯವರು ಆ ಅಂಕಿಯನ್ನೇ ನಂಬ್ತಾರೆ.