ಹಳೆಯ ಕಾರಿನ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು ಹಾಕಿಸಬಹುದೇ?

ಪೆರ್ಲದಿಂದ:
ನನ್ನದು ಎಚ್‌4 (ಬ್ರೈಟು, ಡಿಮ್ಮು ಎರಡೂ ಒಂದರಲ್ಲೇ ಇರುವ) ಬಲ್ಬಿನ ಹಳೆಯ ಆಲ್ಟೊ ಕಾರು. ಮಂಗಳೂರಿನ ಕೆಲಸ ಮುಗಿಸಿ ವಿಟ್ಲ, ಅಡ್ಯನಡ್ಕದ ಮೂಲಕ ಊರಿಗೆ ಬರುವಾಗ, ಅದರಲ್ಲೂ ಮಳೆಗಾಲದ ರಾತ್ರಿಗಳಲ್ಲಿ, ಒದ್ದೆ ಡಾಂಬರಿನ ಮೇಲೆ ಬೆಳಕು ಬಿದ್ದದ್ದೇ ತಿಳಿಯುವುದಿಲ್ಲ. ಹೋಲ್ಡರನ್ನೂ ವಯರಿಂಗನ್ನೂ ಮುಟ್ಟದೆ ಹಾಕಬಹುದಾದ, 20,000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಬರೆದಿರುವ ಎಲ್‌ಇಡಿ ಜೋಡಿಯನ್ನು ಅಂಗಡಿಯವರು ತೋರಿಸಿದ್ದಾರೆ. ಹಾಕಿಸಬಹುದೇ? ಇಂಡಿಕೇಟರ್, ಬ್ರೇಕ್ ಲೈಟುಗಳನ್ನೂ ಒಟ್ಟಿಗೇ ಬದಲಿಸುವ ಯೋಚನೆಯಿದೆ.

ಮುಳ್ಳೇರಿಯದಿಂದ:
ವಾಹನಗಳ ವಯರಿಂಗ್ ಕೆಲಸವೇ ನನ್ನ ಕಸುಬಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೆಡ್‌ಲೈಟಿಗೆ ಹಾಕಿಸಬೇಡಿ. ನಿಮ್ಮ ಈಗಿನ ಹ್ಯಾಲೊಜನ್ ಬಲ್ಬನ್ನು ಬಿಚ್ಚಿ ನೋಡಿದರೆ ಗಾಜಿನೊಳಗೆ ಎರಡು ತಂತುಗಳು ಕಾಣುತ್ತವೆ. ಅವುಗಳಲ್ಲಿ ತುದಿಯ ಕಡೆಗಿರುವುದು ಡಿಮ್ಮಿನದು, ಅದರ ಅಡಿಯಲ್ಲಿ ದೋಣಿಯ ಆಕಾರದ ಪುಟ್ಟ ಲೋಹದ ತಗಡು ಇರುತ್ತದೆ. ಕೆಳಮುಖವಾಗಿ ಹೊರಟ ಬೆಳಕು ಬಲ್ಬಿನ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರಿನ ಕೆಳಭಾಗಕ್ಕೆ ತಾಗಿ ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣು ಕುಕ್ಕದಂತೆ ತಡೆಯುವುದು ಆ ತಗಡೇ. ರಿಫ್ಲೆಕ್ಟರಿನ ಬಾಗು ಪೂರ್ತಿಯಾಗಿ ಆ ತಂತುವಿನ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿಯಲ್ಲಿ ತಂತುವಿನ ಬದಲು ಪಟ್ಟಿಯ ಎರಡು ಪಕ್ಕಗಳಲ್ಲಿ ಬೆಳಕು ಕೊಡುವ ಪುಟ್ಟ ಚಿಪ್‌ಗಳಿರುವುದರಿಂದ, ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಆದರೂ ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳ ಮೇಲೆ ಚದುರುತ್ತದೆ.

ಇನ್ನು ಆ 20,000 ಲ್ಯೂಮೆನ್ನಿನ ಮಾತು. ಎಚ್‌4 ಬಲ್ಬಿನ ನಿಗದಿತ ಬೆಳಕು ಬ್ರೈಟಿನಲ್ಲಿ ಸುಮಾರು 1650, ಡಿಮ್ಮಿನಲ್ಲಿ 1000 ಲ್ಯೂಮೆನ್. ಎಲ್‌ಇಡಿಯಿಂದ ಒಂದು ವ್ಯಾಟಿಗೆ 100 ಲ್ಯೂಮೆನ್ ಸಿಕ್ಕಿತೆಂದು ಉದಾರವಾಗಿ ಹಿಡಿದರೂ 40 ವ್ಯಾಟಿನ ಒಂದು ಬಲ್ಬು 4000, ಜೋಡಿ 8000 ದಾಟುವುದಿಲ್ಲ. ಉಳಿದದ್ದು ಪೆಟ್ಟಿಗೆಯ ಮೇಲಿನ ಬೆಳಕು!

ಮೊದಲು ಹಳದಿಗಟ್ಟಿದ ಹೆಡ್‌ಲೈಟ್ ಕವಚವನ್ನು ಪಾಲಿಶ್ ಮಾಡಿಸಿ. ಅನಂತರ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿ ವಯರಿಂಗ್ ಮಾಡಿಸಿ. ಹಳೆಯ ವಯರು, ಸ್ವಿಚ್ಚುಗಳಲ್ಲಿ ಹತ್ತು ಶೇಕಡಾ ವೋಲ್ಟೇಜು ಸೋರಿದರೆ ಹ್ಯಾಲೊಜನ್ ಬೆಳಕು ಸುಮಾರು ಮೂವತ್ತು ಶೇಕಡಾ ಕುಗ್ಗುತ್ತದೆ. ನಿಮ್ಮ ತೊಂದರೆಗೆ ಇದೇ ಕಾರಣವಾಗಿರಲೂ ಸಾಕು. ಬಲ್ಬು ಮಾತ್ರ ಅದೇ 60/55 (ಬ್ರೈಟು/ಡಿಮ್ಮು) ವ್ಯಾಟಿನದಿರಲಿ. 100/90 ಹಾಕಿದರೆ ಹೋಲ್ಡರ್ ಕರಗಬಹುದು. ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು.

ಉಪ್ಪಳದಿಂದ:
ಮುಳ್ಳೇರಿಯದವರ ಮಾತನ್ನು ಪೂರ್ತಿ ಒಪ್ಪಲಾರೆ. ತಂತುವಿನ ಜಾಗದಲ್ಲಿಯೇ ಚಿಪ್‌ಗಳನ್ನು ಕೂರಿಸಿದ, ಅಡಿಗೆ ತಗಡೂ ಇರುವ ಎಲ್‌ಇಡಿಗಳು ಈಗ ಸಿಗುತ್ತವೆ. ನನ್ನ ಕಾರಿನಲ್ಲಿ ಅವುಗಳ ಬೆಳಕು ಕೆಟ್ಟದಾಗಿಲ್ಲ. ಗೋಡೆಯೆದುರು ಕಾರು ನಿಲ್ಲಿಸಿ ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಸ್ಪಷ್ಟ ಗೆರೆಯಾಗಿ ನಿಂತು ಎಡಕ್ಕೆ ಮಾತ್ರ ಸ್ವಲ್ಪ ಏರಬೇಕು. ಆ ಗೆರೆ ಕಲಸಿಹೋದರೆ ಬಲ್ಬನ್ನು ಅಂಗಡಿಗೆ ಹಿಂದಿರುಗಿಸಿ. ಆದರೆ 6000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕು ಜೋರು ಮಳೆಯಲ್ಲಿ ಕಣ್ಣಿಗೆ ಆಯಾಸ ತರುತ್ತದೆ ಎಂಬುದನ್ನು ಒಪ್ಪಲೇಬೇಕು.

ಕುಂಬಳೆಯಿಂದ:
ಗೆರೆ ಸರಿಯಿದ್ದರೂ ಕಾನೂನಿನ ತೊಡಕು ತಪ್ಪುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ತಡೆಯುತ್ತದೆ. 2019ರ ತಿದ್ದುಪಡಿಯ ಬಳಿಕ 182ಎ ವಿಧಿಯ ಪ್ರಕಾರ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಬೀಳಬಹುದು. ಕೆಎಲ್‌ 14 (ಕಾಸರಗೋಡು ನೋಂದಣಿಯ) ಗಾಡಿ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೂ ಕಾಯ್ದೆ ಅದೇ.

ಪೆರ್ಲದಿಂದ:
ಹಾಗಾದರೆ ಹೆಡ್‌ಲೈಟಿಗೆ ರಿಲೇಯನ್ನೇ ಹಾಕಿಸುತ್ತೇನೆ. ಇಂಡಿಕೇಟರಿನ ವಿಷಯವೇನು?

ಮುಳ್ಳೇರಿಯದಿಂದ:
ಇಂಡಿಕೇಟರಿನ 21 ವ್ಯಾಟಿನ ಬಲ್ಬು ಹೆಚ್ಚುಕಡಿಮೆ 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಹಾಕಿ ಅದು ಕಡಿಮೆಯಾದಾಗ, ಬಲ್ಬು ಸುಟ್ಟಿದೆಯೆಂದು ತಿಳಿದ ಫ್ಲಾಶರ್ (ಇಂಡಿಕೇಟರನ್ನು ಮಿನುಗಿಸುವ ಸಾಧನ) ಪಟಪಟನೆ ಹೊಡೆಯತೊಡಗುತ್ತದೆ. ಅಷ್ಟೇ ಕರೆಂಟು ಎಳೆಯುವಂತೆ ರೆಸಿಸ್ಟರ್ ಹಾಕಿ ಸರಿಪಡಿಸಬಹುದಾದರೂ ಅದು ವಿಪರೀತ ಬಿಸಿಯಾಗುವುದರಿಂದ ಪ್ಲಾಸ್ಟಿಕ್ಕಿಗೆ ತಾಗದಂತೆ ಲೋಹದ ಮೇಲೆಯೇ ಬಿಗಿಯಬೇಕು. ಎಲ್‌ಇಡಿಗೆ ಹೊಂದುವ ಫ್ಲಾಶರ್ ಸಿಕ್ಕಿದರೆ ಅದೇ ಮೇಲು. ಬ್ರೇಕ್ ಲೈಟಿನ ಕೆಂಪು ಕವಚದೊಳಗೆ ಬಿಳಿ ಎಲ್‌ಇಡಿ ಮಂಕಾಗಿ ಕಾಣುತ್ತದೆ, ಕೆಂಪನ್ನೇ ಕೇಳಿ ತನ್ನಿ; ಆದರೆ ಅದಕ್ಕೂ ಕುಂಬಳೆಯವರು ಹೇಳಿದ ವಿಧಿ ಅನ್ವಯಿಸುತ್ತದೆ. ನನ್ನನ್ನು ಕೇಳಿದರೆ ಒಳಗಿನ ಕ್ಯಾಬಿನ್ ಲೈಟೊಂದಕ್ಕೆ ಹಾಕಿ ಬಿಡಿ. ಹಾಕಿದ ಮೇಲೆ ಉರಿಯದಿದ್ದರೆ ಬಲ್ಬನ್ನು ತಿರುಗಿಸಿ ಕೂರಿಸಿ ನೋಡಿ, ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಸರಿಯಾಗಿಯೇ ಸಿಗಬೇಕು.