ಫುಟ್‌ಬಾಲ್‌ನಲ್ಲಿ ಲೆಫ್ಟ್ ಬ್ಯಾಕ್ ಆಡುವ ಹುಡುಗಿಯನ್ನು ಈಗಲೇ ಬೆಂಗಳೂರಿಗೆ ಕಳಿಸಬೇಕಾ? ನಾರ್ವೆಯ ಬ್ಲಾಕ್‌ಸ್ಟಾಡ್ ದಾರಿ ಗೊತ್ತಿದ್ದವರು ಹೇಳಿ

ತೋಟದಮನೆ_ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳಿಗೆ ಈಗ 15. ಊರಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡಿಕೊಂಡೇ ಬೆಳೆದವಳು, ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್. ಎಡಗಾಲು ಚೆನ್ನಾಗಿದೆ, ಓಟ ಇದೆ, ಹೆದರಿಕೆಯಂತೂ ಇಲ್ಲವೇ ಇಲ್ಲ. ಶಾಲೆಯಲ್ಲಿ ಹಾಕಿಯನ್ನೂ ಆಡುತ್ತಾಳೆ. ಕೊಡಗಲ್ಲವಾ, ಸ್ಟಿಕ್ ಮುಟ್ಟದೆ ಬೆಳೆದವರು ಯಾರಿದ್ದಾರೆ.

ಈಗ ಬೆಂಗಳೂರಿನ ಒಂದು ಅಕಾಡೆಮಿಯವರು ಕರೆದಿದ್ದಾರೆ. ಹಾಸ್ಟೆಲ್‌ನಲ್ಲೇ ಇರಬೇಕು, ಹಾಕಿ ಪೂರ್ತಿ ಬಿಡಬೇಕು ಅಂತ ಷರತ್ತು. ಭಾವನಿಗೆ ಇಷ್ಟವಿಲ್ಲ, ಅಕ್ಕನಿಗೆ ಅರ್ಧ ಮನಸ್ಸು. ಹುಡುಗಿ ಮಾತ್ರ ನಾರ್ವೆಯ ಜೂಲಿ ಬ್ಲಾಕ್‌ಸ್ಟಾಡ್ ವಿಡಿಯೊ ತೋರಿಸಿ, "ಮಾವ, ಇವಳು 20ಕ್ಕೇ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ ಸೇರಿದಳು, ನಾನು ಇಲ್ಲೇ ಕೂತರೆ ಏನಾಗುತ್ತೆ" ಅಂತ ದಿನಾ ತಲೆ ತಿನ್ನುತ್ತಾಳೆ. ಅಲ್ಲಿನ ಡಿಫೆಂಡರ್‌ಗಳು ಹೇಗೆ ಮೇಲೆ ಬರುತ್ತಾರೆ? ಚಿಕ್ಕ ವಯಸ್ಸಿಗೇ ದೊಡ್ಡ ಅಕಾಡೆಮಿ ಸೇರುತ್ತಾರಾ? ನಾನು ಫುಟ್‌ಬಾಲ್ ನೋಡುವವನೇ, ಆದರೆ ಹೆಂಗಸರ ಫುಟ್‌ಬಾಲ್ ಬಗ್ಗೆ ಅಷ್ಟು ತಿಳಿದಿಲ್ಲ.

ಹಿಂದಿನಸಾಲು:

ಬ್ಲಾಕ್‌ಸ್ಟಾಡ್ ಹೆಸರು ಕೊಡಗಿನವರ ಬಾಯಲ್ಲಿ ಕೇಳಿ ಖುಷಿಯಾಯಿತು. ಆದರೆ ನಿಮ್ಮ ಹುಡುಗಿ ಕಥೆಯ ಕೊನೆಯನ್ನು ಮಾತ್ರ ನೋಡಿದ್ದಾಳೆ, ಮೊದಲಿನಿಂದ ಹೇಳುತ್ತೇನೆ.

ಬ್ಲಾಕ್‌ಸ್ಟಾಡ್ ಹುಟ್ಟಿದ್ದು 2001ರಲ್ಲಿ. ದೊಡ್ಡವರ ಜೊತೆ ಆಡಲು ಶುರು ಮಾಡಿದ್ದು ಹಾಮಾರ್ ಊರಿನ ಕಡೆಯ ಫಾರ್ಟ್ ಅನ್ನುವ ಸಣ್ಣ ಕ್ಲಬ್‌ನಲ್ಲಿ, ಅಂದರೆ ಮನೆ ಹತ್ತಿರವೇ. ಅಲ್ಲಿಂದ ಟ್ರೋಂಡ್‌ಹೈಮ್‌ನ ರೋಸೆನ್‌ಬೋರ್ಗ್‌ಗೆ ಹೋದಳು. 2020, 2021 ಎರಡೂ ವರ್ಷ ಆ ತಂಡ ನಾರ್ವೆಯ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು, ಇವಳು ಬೆಂಚ್ ಕಾಯದೆ ಆಡುತ್ತಿದ್ದಳು. 2022ರ ಜನವರಿಯಲ್ಲಿ ಸಿಟಿ ಬಂದು ಕರೆದುಕೊಂಡು ಹೋಯಿತು. ಅಂದರೆ ಸಿಟಿಗೆ ಹೋಗುವ ಹೊತ್ತಿಗೆ ಹೆಂಗಸರ ಜೊತೆ ಲೀಗ್ ಪಂದ್ಯ ಆಡಿ ಆಡಿ ಪಳಗಿದ್ದಳು. ಅಕಾಡೆಮಿಯಿಂದ ನೇರವಾಗಿ ಹೋದವಳಲ್ಲ.

ಆಮೇಲಿನದ್ದು ಇನ್ನೂ ಮುಖ್ಯ. ಅದೇ ವರ್ಷ ಜುಲೈನಲ್ಲಿ ಇಂಗ್ಲೆಂಡ್‌ನಲ್ಲಿ ಯೂರೋ, ಅಂದರೆ ಯೂರೋಪಿನ ದೇಶಗಳ ಚಾಂಪಿಯನ್‌ಷಿಪ್, ನಡೆಯಿತು. ಮೊದಲ ಪಂದ್ಯ ಉತ್ತರ ಐರ್ಲೆಂಡ್ ಮೇಲೆ, ಲೆಫ್ಟ್ ಬ್ಯಾಕ್ ಆಗಿದ್ದ ಇವಳೇ ಮುಂದೆ ನುಗ್ಗಿ 10ನೇ ನಿಮಿಷಕ್ಕೆ ಗೋಲು ಹೊಡೆದಳು, ನಾರ್ವೆ 4-1 ಗೆದ್ದಿತು. ನಾಲ್ಕು ದಿನ ಕಳೆದು ಬ್ರೈಟನ್‌ನಲ್ಲಿ ಇಂಗ್ಲೆಂಡ್ ಎದುರು 8-0 ಸೋಲು. ಅರ್ಧ ಸಮಯಕ್ಕೇ 6-0! ಇವಳ ಎದುರು ವಿಂಗ್‌ನಲ್ಲಿ ಆಡಿದ್ದು ಇಂಗ್ಲೆಂಡ್‌ನ ಬೆತ್ ಮೀಡ್, ಅವಳದ್ದು ಆ ದಿನ ಹ್ಯಾಟ್ರಿಕ್. ನಾರ್ವೆ ಅಂದರೆ 1995ರ ವಿಶ್ವಕಪ್ ಮತ್ತು 2000ದ ಒಲಿಂಪಿಕ್ ಚಿನ್ನ ಗೆದ್ದ ದೇಶ, ಸುಮ್ನೆ ಅಲ್ಲ. ಆ ತಂಡದ ಡಿಫೆನ್ಸ್‌ನಲ್ಲಿ ನಿಂತು ಎಂಟು ಗೋಲು ತಿಂದಾಗ ಇವಳಿಗೆ ವಯಸ್ಸು 20. ಮುಂದಿನ ಪಂದ್ಯ ಆಸ್ಟ್ರಿಯಾ ಮೇಲೆ 1-0 ಸೋತು ತಂಡ ಮನೆಗೆ ಹೋಯಿತು.

ಮುಂದೆ ಸಿಟಿಯಲ್ಲೂ ಜಾಗ ಗಟ್ಟಿಯಾಗಲಿಲ್ಲ. ಲೋನ್ ಮೇಲೆ ಸ್ವೀಡನ್‌ನ ಹಮ್ಮಾರ್ಬಿಗೆ ಹೋದಳು, ಆಮೇಲೆ ಅಲ್ಲೇ ಸೇರಿಕೊಂಡಳು, ಅಲ್ಲಿ ಜಾಸ್ತಿ ಮುಂದೆ, ವಿಂಗ್‌ನಲ್ಲಿ ಆಡಿದಳು. ಜನ ಇದನ್ನು ಇಳಿತ ಅನ್ನುತ್ತಾರೆ. ನನ್ನ ಪ್ರಕಾರ ಅದು ಅವಳು ಮಾಡಿದ ಬುದ್ಧಿವಂತ ಕೆಲಸ. ದೊಡ್ಡ ಹೆಸರಿನ ಬೆಂಚ್‌ಗಿಂತ ವಾರ ವಾರ 90 ನಿಮಿಷ ಆಟ ಮೇಲು, ಅದರಲ್ಲೂ ಡಿಫೆಂಡರ್‌ಗೆ. ಸ್ಟ್ರೈಕರ್ ಕೊನೆಯ ಹತ್ತು ನಿಮಿಷಕ್ಕೆ ಇಳಿದು ಗೋಲು ಹೊಡೆದು ಹೆಸರು ಮಾಡಬಹುದು. ಡಿಫೆಂಡರ್‌ಗೆ ಆ ಭಾಗ್ಯ ಇಲ್ಲ. ಪಕ್ಕದವಳು ಯಾವಾಗ ಮುಂದೆ ಹೋಗುತ್ತಾಳೆ, ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸಲು ಡಿಫೆನ್ಸ್ ಸಾಲು ಯಾವಾಗ ಮುಂದೆ ಹೋಗಬೇಕು, ಇದೆಲ್ಲ ಪಂದ್ಯದಲ್ಲೇ ಬರಬೇಕು.

2001ರಲ್ಲೇ ಹುಟ್ಟಿದ ಮಥಿಲ್ಡೆ ಹಾರ್ವಿಕೆನ್ ಅಂತ ನಾರ್ವೆಯ ಇನ್ನೊಬ್ಬಳಿದ್ದಾಳೆ, ಪಕ್ಕಾ ಸೆಂಟರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್. ಅವಳಂತೂ ಅವಸರವನ್ನೇ ಪಡಲಿಲ್ಲ. ರೋಸೆನ್‌ಬೋರ್ಗ್‌ನಲ್ಲಿ ಇದ್ದುಕೊಂಡೇ 2023ರ ವಿಶ್ವಕಪ್ ಆಡಿದಳು, ಇಟಲಿಯ ಯುವೆಂಟಸ್‌ಗೆ ಹೋದದ್ದು ಆಮೇಲೆ. ನಿಮ್ಮ ಹುಡುಗಿಗೆ ಇವಳ ವಿಡಿಯೊ ತೋರಿಸಿ.

ಗೋಣಿಕೊಪ್ಪ_ಗ್ಯಾಲರಿ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅದು ನಾರ್ವೆ ಸ್ವಾಮಿ. ಆ ದೇಶದ ಜನಸಂಖ್ಯೆ 55 ಲಕ್ಷದಷ್ಟು, ನಮ್ಮ ಜಿಲ್ಲೆಯದ್ದು 2011ರ ಗಣತಿಯಲ್ಲಿ ಐದೂವರೆ ಲಕ್ಷ. ಹತ್ತು ಕೊಡಗು ಸೇರಿದರೆ ಒಂದು ನಾರ್ವೆ. ಆದರೆ ಅಲ್ಲಿ ಊರೂರಿಗೆ ಕ್ಲಬ್, ಹಿಮ ಬಿದ್ದರೂ ಆಡಲು ಕೃತಕ ಹುಲ್ಲಿನ ಗ್ರೌಂಡ್. ಮಕ್ಕಳಿಗೆ 11 ಆಗುವವರೆಗೆ ಪಾಯಿಂಟ್ ಪಟ್ಟಿಯನ್ನೇ ಹಾಕುವಂತಿಲ್ಲ, ರಾಷ್ಟ್ರ ಮಟ್ಟದ ಚಾಂಪಿಯನ್‌ಷಿಪ್ 13ರ ಮೇಲೆಯೇ ಅಂತ ನಿಯಮ. 2017ರಲ್ಲಿ ರಾಷ್ಟ್ರೀಯ ತಂಡದ ಗಂಡಸರು ತಮ್ಮ ಪಾಲಿನ ದುಡ್ಡು ಬಿಟ್ಟುಕೊಟ್ಟು ಹೆಂಗಸರಿಗೆ ಸಮ ಮಾಡಿದರು. ಅಂಥ ಕಡೆ "ಮನೆ ಹತ್ತಿರ ಇರು" ಅಂದರೆ ಅರ್ಥ ಇದೆ.

ಇಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಗ್ರೌಂಡ್ ಗದ್ದೆ. ಹುಡುಗಿಯರ ತಂಡ ಕಟ್ಟಲು ಹನ್ನೊಂದು ಜನ ಸಿಗುವುದೇ ಕಷ್ಟ. ಹುಡುಗರ ಜೊತೆ ಆಡುತ್ತಾಳೆ ಅಂದಿರಿ, ಒಳ್ಳೆಯದೇ, ಆದರೆ ಟೂರ್ನಮೆಂಟ್ ಅಂತ ಬಂದಾಗ ಯಾರು ಸೇರಿಸುತ್ತಾರೆ? ಗೆರೆ ಆಚೆ ನಿಂತು ಚೆಂಡು ಎತ್ತಿಕೊಡುವುದೇ ಕೆಲಸ. ಬೆಂಗಳೂರಲ್ಲಿ ಹೆಂಗಸರ ಲೀಗ್ ಇದೆ, ಇಂಡಿಯನ್ ವಿಮೆನ್ಸ್ ಲೀಗ್ ಆಡುವ ಕಿಕ್‌ಸ್ಟಾರ್ಟ್ ಕ್ಲಬ್ ಇದೆ. ಕಳಿಸಿ ಅಂತಲೇ ನನ್ನ ಮಾತು.

ಒಂದು ವಿಷಯ ಮಾತ್ರ ಹುಡುಗಿಗೆ ಈಗಲೇ ಹೇಳಿಬಿಡಿ. ಫಿಫಾ ನಿಯಮದ ಪ್ರಕಾರ 18 ಆಗದೆ ಬೇರೆ ದೇಶದ ಕ್ಲಬ್‌ಗೆ ವರ್ಗಾವಣೆ ಸಾಮಾನ್ಯವಾಗಿ ಆಗುವುದಿಲ್ಲ. ಯಾರಾದರೂ "ಯೂರೋಪ್ ಟ್ರಯಲ್ಸ್" ಅಂತ ದುಡ್ಡು ಕೇಳಿದರೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿ. ನಮ್ಮ ಭಾರತ ತಂಡದ ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಕ್ಲಬ್ ಪರ 2022ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್ ಆಡಿದಳಲ್ಲ, ಅವಳೂ ಇಲ್ಲಿ ಲೀಗ್ ಆಡಿಯೇ ಹೋದವಳು.

ಹಳೇ_ಫುಲ್‌ಬ್ಯಾಕ್_ಪೊನ್ನಂಪೇಟೆ:

ನಾನು ಹಾಕಿಯವನು, ಆದರೂ ಮಾತಾಡುತ್ತೇನೆ, ಬೈಯಬೇಡಿ.

ಹಾಕಿ ಪೂರ್ತಿ ಬಿಡಬೇಕು ಅನ್ನುವ ಷರತ್ತು ನನಗೆ ಹಿಡಿಸಲಿಲ್ಲ. 15ಕ್ಕೆ ಯಾಕೆ ಬಿಡಬೇಕು? ಹಾಕಿಯಲ್ಲಿ ಹಿಂದೆ ನಿಲ್ಲುವವರಿಗೆ ಮೊದಲು ಕಲಿಸುವುದೇನು? ಫಾರ್ವರ್ಡ್ ಬಂದ ಕೂಡಲೇ ನುಗ್ಗಬೇಡ, ಕಾಲು ಸಣ್ಣಗೆ ಇಡುತ್ತಾ ಹಿಂದೆ ಸರಿ, ಅವನ ರಿವರ್ಸ್ ಕಡೆಗೆ (ಸ್ಟಿಕ್ ತಿರುಗಿಸಿ ಆಡಬೇಕಾದ ಎಡಗಡೆಗೆ) ತಳ್ಳು, ಗೆರೆ ಹತ್ತಿರ ಸಿಕ್ಕಿಸು, ಆಮೇಲೆ ಚೆಂಡು ಕಿತ್ತುಕೋ. ಫುಟ್‌ಬಾಲ್‌ನ ಲೆಫ್ಟ್ ಬ್ಯಾಕ್ ಮಾಡುವುದೂ ಅದೇ ಅಲ್ವಾ, ರಿವರ್ಸ್ ಬದಲು ದುರ್ಬಲ ಕಾಲು ಅಷ್ಟೇ. ನಮ್ಮ ಕೌಟುಂಬಿಕ ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆ ಒಂದೇ ತಂಡದಲ್ಲಿ ಆಡುತ್ತಾರೆ. ಚಿಕ್ಕಪ್ಪನ ಎದುರು ಟ್ಯಾಕಲ್ ಮಾಡಿ ಬೆಳೆದವಳಿಗೆ ಯಾರ ಹೆದರಿಕೆ?

ನೀವು ನಾರ್ವೆ ನಾರ್ವೆ ಅನ್ನುತ್ತೀರಲ್ಲ, ಆ 8-0 ಪಂದ್ಯದಲ್ಲೇ ಸೆಂಟರ್ ಬ್ಯಾಕ್ ಆಗಿದ್ದ ಮಾರಿಯಾ ಥೋರಿಸ್ದಾಟಿರ್ ಹ್ಯಾಂಡ್‌ಬಾಲ್ ಕೂಡ ಆಡಿದವಳು. ಅವಳ ಅಪ್ಪ ಥೋರಿರ್ ಹೆರ್ಗೈರ್ಸನ್ ನಾರ್ವೆಯ ಮಹಿಳಾ ಹ್ಯಾಂಡ್‌ಬಾಲ್ ತಂಡದ ಕೋಚ್ ಆಗಿದ್ದವರು. (ಹಾಗಾದರೆ ಎಂಟು ಗೋಲು ಬಿದ್ದಿದ್ದು ಯಾಕೆ ಅಂತ ಕೇಳಬೇಡಿ.)

ಮಡಿಕೇರಿ_ಮೊಣಕಾಲು:

ಫಿಸಿಯೊಥೆರಪಿ ನನ್ನ ಕೆಲಸ. ಯಾರೂ ಹೇಳದ ಒಂದು ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಹೆಣ್ಣುಮಕ್ಕಳಿಗೆ ಹದಿಹರೆಯದಲ್ಲಿ ಮೊಣಕಾಲಿನ ಎಸಿಎಲ್ (ಒಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಕಟ್ಟು) ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ. ಅದರಲ್ಲೂ ಡಿಫೆಂಡರ್ ಆದವಳು ಎದುರಿನವಳು ತಿರುಗಿದ ಕಡೆ ತಾನೂ ಥಟ್ಟನೆ ತಿರುಗಬೇಕು, ಹಾಗಾಗಿ ಯಾರೂ ಮುಟ್ಟದೆಯೂ ಮೊಣಕಾಲು ಹೋಗಬಹುದು. ಹರಿದರೆ ಶಸ್ತ್ರಚಿಕಿತ್ಸೆ, ಮತ್ತೆ ಆಟಕ್ಕೆ ಬರಲು ಹೆಚ್ಚುಕಡಿಮೆ ಒಂದು ವರ್ಷ. ನಾರ್ವೆಯವರು ಇದಕ್ಕೆ ಮಾಡಿದ ಕೆಲಸ ನೋಡಿ. ಓಸ್ಲೊದ ಕ್ರೀಡಾ ಗಾಯ ಸಂಶೋಧನಾ ಕೇಂದ್ರದವರು 13ರಿಂದ 17 ವಯಸ್ಸಿನ ಸುಮಾರು 1,900 ಹುಡುಗಿಯರನ್ನು ಒಂದು ಇಡೀ ಸೀಸನ್ ಗಮನಿಸಿದರು. ಅರ್ಧ ಕ್ಲಬ್‌ಗಳಲ್ಲಿ ಹೊಸ ವಾರ್ಮ್‌ಅಪ್, ಉಳಿದ ಕಡೆ ಮಾಮೂಲಿ. ಹೊಸದು ಮಾಡಿದವರಲ್ಲಿ ಗಾಯ, ಅದರಲ್ಲೂ ದೊಡ್ಡ ಗಾಯ, ಚೆನ್ನಾಗಿಯೇ ಕಡಿಮೆಯಾಯಿತು. 2008ರಲ್ಲಿ ಪ್ರಕಟವಾದ ಅಧ್ಯಯನ ಅದು. ಅದನ್ನೇ ಈಗ ಫಿಫಾ 11 ಪ್ಲಸ್ ಅನ್ನುತ್ತಾರೆ.

ಇಪ್ಪತ್ತು ನಿಮಿಷದ ಕೆಲಸ, ಉಪಕರಣ ಏನೂ ಬೇಡ. ಮೊದಲು ನಿಧಾನ ಓಟ, ಆಮೇಲೆ ಪ್ಲ್ಯಾಂಕ್, ಒಂಟಿ ಕಾಲಿನ ಮೇಲೆ ನಿಲ್ಲುವುದು, ಜಿಗಿದು ಮೆತ್ತಗೆ ಇಳಿಯುವುದು, ತೊಡೆ ಹಿಂಭಾಗಕ್ಕೆ ನಾರ್ಡಿಕ್ ವ್ಯಾಯಾಮ, ಕೊನೆಗೆ ಜೋರು ಓಟ ಮತ್ತು ತಿರುವು. ಇಳಿಯುವಾಗ ಮೊಣಕಾಲು ಒಳಗೆ ಬಾಗಬಾರದು, ಪಾದದ ನೇರಕ್ಕೇ ಇರಬೇಕು, ಇದನ್ನು ಯಾರಾದರೂ ಪಕ್ಕದಲ್ಲಿ ನಿಂತು ನೋಡಬೇಕು. ಅಕಾಡೆಮಿಯವರನ್ನು ಕೇಳಿ, "ವಾರ್ಮ್‌ಅಪ್ ಏನು ಮಾಡಿಸುತ್ತೀರಿ" ಅಂತ. "ಗ್ರೌಂಡ್ ಸುತ್ತ ಎರಡು ರೌಂಡ್" ಅಂದರೆ ಭಾವನ ಪರ ನನ್ನದೂ ಒಂದು ಓಟು.

ತೋಟದಮನೆ_ಸುಂಟಿಕೊಪ್ಪ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಕಾಡೆಮಿಗೆ ಫೋನ್ ಮಾಡಿದೆ. ವಾರ್ಮ್‌ಅಪ್ ಬಗ್ಗೆ ಕೇಳಿದ್ದಕ್ಕೆ 11 ಪ್ಲಸ್ ಅಂತ ಅವರೇ ಹೇಳಿದರು, ಸಮಾಧಾನ ಆಯಿತು. ಮೊದಲ ವರ್ಷ ಎಷ್ಟು ಲೀಗ್ ಪಂದ್ಯ ಸಿಗುತ್ತೆ ಅಂದರೆ ಮಾತ್ರ "ನೋಡೋಣ, ಅವಳ ಆಟದ ಮೇಲೆ" ಅಂತ ತೇಲಿಸಿದರು. ಹಾಕಿ ವಿಷಯಕ್ಕೆ ಜಗ್ಗಲಿಲ್ಲ.

ಬ್ಲಾಕ್‌ಸ್ಟಾಡ್ ಕಥೆಯನ್ನು ಹುಡುಗಿಗೆ ಓದಿ ಹೇಳಿದೆ. 8-0 ಅಂದಾಗ ಮುಖ ಸಣ್ಣದಾಯಿತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಮುಂದಿನ ಪಂದ್ಯ ಯಾವತ್ತು ಇತ್ತು ಮಾವ?"

ಹಿಂದಿನಸಾಲು:

ಜುಲೈ 11ಕ್ಕೆ ಇಂಗ್ಲೆಂಡ್, 15ಕ್ಕೆ ಆಸ್ಟ್ರಿಯಾ. ಪಂದ್ಯದ ಬಗ್ಗೆ ಅವರು ಹಾಗೆ ತೇಲಿಸಿದ್ದಾರೆ ಅಂದರೆ ಈ ವರ್ಷ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಸ್ಸೆಸ್ಸೆಲ್ಸಿ ಇಲ್ಲೇ ಮುಗಿಸಲಿ, ಶಾಲೆಗಳ ಫುಟ್‌ಬಾಲ್ ಟೂರ್ನಮೆಂಟ್ ಸುಬ್ರೊತೊ ಕಪ್‌ನಲ್ಲಿ 17ರ ಒಳಗಿನ ಹುಡುಗಿಯರ ವಿಭಾಗ ಇದೆ, ಪಿ.ಟಿ. ಮೇಷ್ಟ್ರ ಹತ್ತಿರ ಶಾಲೆಯಿಂದ ತಂಡ ಹಾಕಲು ಹೇಳಿ. ರಜೆಯಲ್ಲಿ ಬೆಂಗಳೂರಿಗೆ ಬಂದು ಬೇರೆ ಒಂದೆರಡು ಕ್ಲಬ್‌ನ ಟ್ರಯಲ್ಸ್ ಕೊಡಲಿ, ಎಲ್ಲಿ ಆಡಿಸುತ್ತಾರೋ ಅಲ್ಲಿಗೆ ಸೇರಿಸಿ.

ಗೋಣಿಕೊಪ್ಪ_ಗ್ಯಾಲರಿ:

ಹನ್ನೊಂದು ಹುಡುಗಿಯರು ಸಿಗದಿದ್ದರೆ ಹೇಳಿ, ನನ್ನ ತಂಗಿಯ ಮಗಳು ಗೋಲ್‌ಕೀಪರ್.