ಕಥೆಯಲ್ಲಿ ಅಡಿಕೆ ಮನೆ ನಿಜವೆನಿಸಲು ಏನು ಮಾಡಬೇಕು?

ಪ್ರಶ್ನೆ: 1980ರ ದಶಕದ ಸಾಗರ ಸೀಮೆಯ ಅಡಿಕೆ ಮನೆಯೊಂದರ ಕಥೆ ಬರೆಯುತ್ತಿದ್ದೇನೆ. ಓದಿದವರು "ಭಾಷೆ ಚೆನ್ನಾಗಿದೆ, ಆದರೆ ಆ ಊರು ಕಾಣಲಿಲ್ಲ" ಅಂತಾರೆ. ಮಾದರಿ: "ಸುಂದರವಾದ ತೋಟದಲ್ಲಿ ಕೆಲಸಗಾರರು ಅಡಿಕೆ ಕೀಳುತ್ತಿದ್ದರು. ಮನೆಯಲ್ಲಿ ಹೆಂಗಸರು ಅದನ್ನು ಸುಲಿಯುತ್ತಿದ್ದರು. ಒಂದು ವಿಶಿಷ್ಟ ವಾಸನೆ ಎಲ್ಲೆಡೆ ಹರಡಿತ್ತು." ಎಲ್ಲಿ ತಿದ್ದಲಿ?

ಉತ್ತರ 1: ಮೊದಲು ಕ್ರಿಯಾಪದ. ಅಡಿಕೆ ಕೀಳುವುದಿಲ್ಲ, ಕೊನೆ ಕೊಯ್ಯುತ್ತಾರೆ. ಕೊನೆ ಅಂದರೆ ಗೊನೆ; ಬಿಡಿ ಕಾಯಲ್ಲ, ಇಡೀ ಗೊನೆ ಇಳಿಯುತ್ತದೆ. ನಮ್ಮಲ್ಲಿ ಬೆಳೆಗೊಂದು ಕ್ರಿಯಾಪದ: ಕಡಲೆಕಾಯಿ ಕೀಳುವುದು, ಹತ್ತಿ ಬಿಡಿಸುವುದು, ರಾಗಿ ಕೊಯ್ಯುವುದು, ಹುಣಸೆ ಬಡಿಯುವುದು. ಇದು ತಪ್ಪಿದರೆ ಮುಂದೆ ಎಷ್ಟು ವರ್ಣಿಸಿದರೂ ಊರಿನವರು ನಂಬುವುದಿಲ್ಲ. "ಕೆಲಸಗಾರರು" ಕೂಡ ಬೇಡ. ಮರದ ಮೇಲೆ ಕೊನೆಗಾರ, ಕೆಳಗೆ ಹಗ್ಗ ಹಿಡಿದವನು. ಒಳ್ಳೆಯ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮರವನ್ನೇ ಬಾಗಿಸಿ ಪಕ್ಕದ್ದಕ್ಕೆ ದಾಟುತ್ತಾನೆ. ಆ ಒಂದು ಚಲನೆ ಬರೆದರೆ "ಸುಂದರವಾದ" ತಾನಾಗಿ ಉದುರುತ್ತದೆ.

ಉತ್ತರ 2: ನಿಮ್ಮದು ಕೆಂಪಡಿಕೆಯೋ ಚಾಲಿಯೋ? ಇದು ಗೊತ್ತಾಗದೆ ಎರಡನೇ ವಾಕ್ಯ ಬರೆಯಲಾಗದು. ಕೆಂಪಿಗೆ ಹಸಿಗಾಯಿ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆಯ ಒಗರು ಕಪ್ಪುಗೆಂಪು ರಸ) ಬೇಯಿಸಿ, ಬಿಸಿಲಲ್ಲಿ ಒಣಗಿಸುತ್ತಾರೆ. ಚಾಲಿಗೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು 40 ದಿನ ಅಂಗಳದಲ್ಲಿ ಒಣಗಿಸಿ, ಆಮೇಲೆ ಸುಲಿಯುತ್ತಾರೆ. ಕೆಂಪಾದರೆ ಕಥೆಗೆ ಅವಸರ ಬರುತ್ತದೆ: ಕೊಯ್ದದ್ದನ್ನು ಇಟ್ಟರೆ ಕೆಡುತ್ತದೆ, ಅದಕ್ಕೇ ರಾತ್ರಿ ಗ್ಯಾಸ್‌ಲೈಟಿನ ಬೆಳಕಲ್ಲಿ ಸುಲಿತ. ಬೇಯಿಸಿದ ಮೇಲೆ ಮೋಡ ಕವಿದರೆ ಮನೆಯವರ ಮುಖ ಏನಾಗಬೇಕು ಯೋಚಿಸಿ. ಕೂಲಿ ದಿನದ ಲೆಕ್ಕಕ್ಕಲ್ಲ, ಸುಲಿದ ಅಳತೆಗೆ. ಜಗಳ ಬೇಕಿದ್ದರೆ ಅಳೆಯುವ ಹೊತ್ತಿನಲ್ಲಿ ಇಡಿ. ಆ ಕಾಲಕ್ಕೆ ಸುಲಿಯುವ ಯಂತ್ರ ತರಬೇಡಿ, ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿಯೇ ಸರಿ.

ಉತ್ತರ 3: "ವಿಶಿಷ್ಟ ವಾಸನೆ" ಅಂದರೆ ಲೇಖಕರಿಗೆ ವಾಸನೆ ಗೊತ್ತಿಲ್ಲ ಅಂತ ಅರ್ಥ. ಹಂಡೆಯಲ್ಲಿ ಅಡಿಕೆ ಬೇಯುವಾಗ ಬರುವುದು ಒಗರು ವಾಸನೆ. ಹಿತ್ತಲಲ್ಲಿ ಕೊಳೆಯುವ ಸಿಪ್ಪೆ ರಾಶಿಯದು ಬೇರೆ. ವಾಸನೆಗಿಂತ ಕೈ ನೋಡಿ: ಚೊಗರು ಹಿಡಿದ ಬೆರಳು ಸೋಪಿಗೆ ಬಿಡುವುದಿಲ್ಲ. ಮದುವೆಮನೆಯಲ್ಲಿ ಬೆರಳು ಮಡಚಿಟ್ಟುಕೊಂಡ ಹೆಂಗಸು ಅಂದರೆ ಸಾಕು, ಇದು ಸುಲಿತದ ಕಾಲ ಅಂತಲೂ ಅವಳ ಸ್ಥಿತಿಯೂ ತಿಳಿಯುತ್ತದೆ.

ಉತ್ತರ 4: ಇಷ್ಟೂ ತುಂಬಬೇಡಿ, ಕೃಷಿ ಕೈಪಿಡಿ ಆದೀತು. ದೃಶ್ಯಕ್ಕೆ ಎರಡು ಅಥವಾ ಮೂರು ವಿವರ, ಅದೂ ಪಾತ್ರದ ಕಣ್ಣಿಗೆ ಬೀಳುವಂಥದ್ದು. ಪೇಟೆಯಿಂದ ಬಂದ ಅಳಿಯ ಬೇಯುವ ಹಂಡೆ ನೋಡುತ್ತಾನೆ. ಯಜಮಾನ ನೋಡುವುದು ಆಕಾಶ. ಮೆಟ್ಟುಗತ್ತಿ ಅಂದರೇನು ಅಂತ ಆವರಣದಲ್ಲಿ ವಿವರಿಸುವುದೂ ಬೇಡ, "ಮಣೆಯನ್ನು ಕಾಲಲ್ಲಿ ಒತ್ತಿ ಕೂತಳು" ಅಂದರೆ ಅರ್ಥವಾಗುತ್ತದೆ. ಆಡುಮಾತು ಸಂಭಾಷಣೆಗಷ್ಟೇ ಇರಲಿ. "ಎಂತ", "ಮಾರಾಯ" ಎರಡೇ ಸಾಕಾಗುತ್ತವೆ. ಮಧ್ಯೆ ಒಬ್ಬ "ಐತಿ" ಅಂದರೆ ಕಥೆ ಧಾರವಾಡದ ಬಸ್ಸು ಹತ್ತಿತು ಅಂತಲೇ.

ಪ್ರಶ್ನೆ ಕೇಳಿದವರು: ಕೆಂಪಡಿಕೆಯೇ. ಹೀಗಾದರೆ? "ಕೊನೆಗಾರ ಮರದಿಂದ ಮರಕ್ಕೆ ದಾಟಿದ. ಜಗಲಿಯಲ್ಲಿ ಮೆಟ್ಟುಗತ್ತಿಗಳ ಸಾಲು. ಹೆಗಡೆಯವರು ಹಂಡೆಯ ಮುಚ್ಚಳ ತೆಗೆಯುವ ಮೊದಲು ಪಡುವಣದ ಮೋಡವನ್ನು ಆತಂಕದಿಂದ ನೋಡಿದರು."

ಉತ್ತರ 2: ಕೊಯ್ಲು ಹಗಲಿಗೆ, ಸುಲಿತ ರಾತ್ರಿಗೆ, ಎರಡನ್ನೂ ಒಂದೇ ಹೊತ್ತಿಗೆ ಕಟ್ಟಿದ್ದೀರಿ, ಬಿಡಿಸಿ. "ಆತಂಕದಿಂದ" ತೆಗೆಯಿರಿ. ಮೋಡ ಇದೆಯಲ್ಲ.